ಅಳಿಸಿದರೂ ಖಾಲಿಯಾಗದ ಡಿಸ್ಕ್

ಪ್ರಶ್ನೆ: ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಡಿಸ್ಕ್ ತುಂಬಿತ್ತು. 30 ಜಿಬಿಯ ಒಂದು ಲಾಗ್ ಫೈಲನ್ನು (ಪ್ರೋಗ್ರಾಮ್ ತನ್ನ ಕೆಲಸದ ವಿವರ ಬರೆದಿಡುವ ಫೈಲು) ಆರ್‌ಎಂ ಕಮಾಂಡ್ ಕೊಟ್ಟು ಅಳಿಸಿದೆ. ಜಾಗದ ಲೆಕ್ಕ ಹೇಳುವ ಎರಡು ಕಮಾಂಡುಗಳ ಪೈಕಿ ಡಿಯು ಲೆಕ್ಕದಲ್ಲಿ 30 ಜಿಬಿ ಕಡಿಮೆಯಾಗಿದೆ, ಡಿಎಫ್ ಮಾತ್ರ ಇನ್ನೂ ಶೇ 100 ಅನ್ನುತ್ತಿದೆ. ಯಾವುದನ್ನು ನಂಬಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನ್ನೂ ನಂಬಿ. ಡಿಯು ಗೋದಾಮಿಗೆ ಹೋಗಿ ಒಂದೊಂದೇ ಮೂಟೆ ಎಣಿಸಿ ಬರುವ ಹುಡುಗ. ಡಿಎಫ್ ಗಲ್ಲಾದ ಮೇಲೆ ಕೂತು ಖಾತೆ ಪುಸ್ತಕ ನೋಡಿ ಹೇಳುವ ಸಾಹುಕಾರ. ಹುಡುಗನ ಕಣ್ಣಿಗೆ ಬೀಳದ ಮಾಲು ಪುಸ್ತಕದಲ್ಲಿ ಉಳಿದಿದೆ, ಅಷ್ಟೇ.

ಯೂನಿಕ್ಸ್‌ನಲ್ಲಿ (ಲಿನಕ್ಸ್ ಕೂಡ ಅದೇ ಮಾದರಿಯದು) ಫೈಲಿನ ಹೆಸರು ಬೇರೆ, ಫೈಲು ಬೇರೆ. ಆರ್‌ಎಂ ಅಳಿಸುವುದು ಡೈರೆಕ್ಟರಿಯಲ್ಲಿರುವ ಹೆಸರನ್ನು. ಒಳಗಿನ ಡೇಟಾ ಬಿಡುಗಡೆಯಾಗಬೇಕಾದರೆ ಅದಕ್ಕೆ ಬೇರೆ ಹೆಸರೂ ಇರಬಾರದು, ಯಾವ ಪ್ರೋಗ್ರಾಮೂ ಅದನ್ನು ತೆರೆದಿಟ್ಟುಕೊಂಡಿರಬಾರದು. ನಿಮ್ಮ ಅಪ್ಲಿಕೇಶನ್ ಆ ಲಾಗನ್ನು ಇನ್ನೂ ಹಿಡಿದುಕೊಂಡಿದೆ. ಪಾಪ, ಹೆಸರಿಲ್ಲದ ಫೈಲಿಗೆ ಈಗಲೂ ಬರೆಯುತ್ತಲೇ ಇರಬಹುದು!

ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಎಲ್‌ಎಸ್‌ಒಎಫ್ ಕಮಾಂಡಿಗೆ ಪ್ಲಸ್ ಎಲ್ 1 ಸೇರಿಸಿ ಓಡಿಸಿ (ಎಲ್ ದೊಡ್ಡ ಅಕ್ಷರ). ಹೆಸರು ಕಳೆದುಕೊಂಡೂ ತೆರೆದಿರುವ ಫೈಲುಗಳ ಪಟ್ಟಿ ಬರುತ್ತದೆ, ಹಿಡಿದಿರುವ ಪ್ರೋಗ್ರಾಮಿನ ಪಿಐಡಿ (ಗುರುತಿನ ಸಂಖ್ಯೆ) ಸಮೇತ. ಆ ಸರ್ವಿಸನ್ನು ರೀಸ್ಟಾರ್ಟ್ ಮಾಡಿದರೆ 30 ಜಿಬಿ ಒಮ್ಮೆಲೇ ವಾಪಸ್. ಆದರೆ ಆ ಲಾಗ್ ಬೇಕಿತ್ತು ಅನ್ನಿಸಿದರೆ ರೀಸ್ಟಾರ್ಟ್‌ಗೆ ಮೊದಲೇ, ಪ್ರೋಕ್ (ಓಡುತ್ತಿರುವ ಪ್ರೋಗ್ರಾಮುಗಳ ವಿವರ ಸಿಗುವ ಡೈರೆಕ್ಟರಿ) ಒಳಗೆ ಆ ಪಿಐಡಿಯ ಎಫ್‌ಡಿ ಡೈರೆಕ್ಟರಿಯಿಂದ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಸಿಗುವುದಿಲ್ಲ. ಇನ್ನು ಮುಂದೆ, ಓಡುತ್ತಿರುವ ಪ್ರೋಗ್ರಾಮಿನ ಲಾಗನ್ನು ಅಳಿಸಬೇಡಿ, ಟ್ರಂಕೇಟ್ ಕಮಾಂಡಿನಿಂದ ಸೊನ್ನೆಗೆ ಇಳಿಸಿ. ಇನ್ನೂ ಒಳ್ಳೆಯದು, ಹಳೆಯ ಲಾಗುಗಳನ್ನು ತಾನೇ ಸರಿಸಿ ಅಳಿಸುವ ಲಾಗ್‌ರೊಟೇಟ್.

ಆ ಪಟ್ಟಿ ಖಾಲಿ ಬಂದರೆ ಇನ್ನೊಂದು ಅನುಮಾನ: ಬ್ಯಾಕಪ್‌ನ ಡಿಸ್ಕ್ ಮೌಂಟ್ ಆಗದ (ಸಿಸ್ಟಮ್ಮಿಗೆ ಜೋಡಣೆಯಾಗದ) ದಿನ ಬ್ಯಾಕಪ್ ಓಡಿ, ಫೈಲುಗಳು ಮೌಂಟ್ ಪಾಯಿಂಟಿನ (ಡಿಸ್ಕ್ ಜೋಡಣೆಯಾಗುವ ಡೈರೆಕ್ಟರಿಯ) ಅಡಿಯಲ್ಲೇ ಕೂತಿರಬಹುದು. ಮೇಲೆ ಡಿಸ್ಕ್ ಮೌಂಟ್ ಆದ ಮೇಲೆ ಅವು ಡಿಯುಗೆ ಕಾಣುವುದಿಲ್ಲ. ಇದರಲ್ಲಿ ನಾನೇ ಒಂದು ರಾತ್ರಿ ಕಳೆದಿದ್ದೇನೆ. ಜಾಗವಿದ್ದೂ ಹೊಸ ಫೈಲು ಹುಟ್ಟದಿದ್ದರೆ ಡಿಎಫ್ ಹೈಫನ್ ಐ ನೋಡಿ. ಇಎಕ್ಸ್‌ಟಿ4 (ಲಿನಕ್ಸಿನ ಒಂದು ಫೈಲ್ ಸಿಸ್ಟಮ್) ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ) ಇಡುತ್ತದೆ, ಲಕ್ಷಾಂತರ ಪುಟಾಣಿ ಸೆಷನ್ ಫೈಲುಗಳು ಅವನ್ನು ಮುಗಿಸಿಬಿಡುತ್ತವೆ.

ಪ್ರಶ್ನೆ: ಮನೆಯಿಂದ ವಿಪಿಎನ್ ಮೂಲಕ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೊಕ್ಕುವ ದಾರಿ) ಲಾಗಿನ್ ಆಗುತ್ತದೆ, ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪರೀಕ್ಷೆ) ಕೂಡ ಸರಿ. ಎಸ್‌ಸಿಪಿಯಲ್ಲಿ ಫೈಲ್ ಕಳಿಸಿದರೆ ಮಾತ್ರ ಶೇ 0ರಲ್ಲೇ ನಿಂತುಬಿಡುತ್ತದೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಣ್ಣದು ದಾಟುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ ಅಂದರೆ ಮೊದಲ ಅನುಮಾನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಮೇಲೆ. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ಟಿನ ಮಿತಿ 1500 ಬೈಟ್. ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಸಂಪರ್ಕದ ಒಂದು ವಿಧಾನ) ಅದರಲ್ಲಿ 8 ಬೈಟ್ ತಿಂದು 1492 ಉಳಿಸುತ್ತದೆ, ವಿಪಿಎನ್ ತನ್ನ ಪಾಲನ್ನು ಬೇರೆ ಕೇಳುತ್ತದೆ. ‘ಇದು ದೊಡ್ಡದಾಯಿತು, ಚಿಕ್ಕದು ಕಳಿಸು’ ಎಂದು ದಾರಿಯ ರೂಟರ್ ಐಸಿಎಂಪಿ (ನೆಟ್‌ವರ್ಕಿನ ಸೂಚನೆ ಸಾಗಿಸುವ ವ್ಯವಸ್ಥೆ) ಸಂದೇಶ ಕಳಿಸಬೇಕು. ಯಾರೋ ಸೆಕ್ಯುರಿಟಿ ಎಂದು ಆ ಬಗೆಯ ಐಸಿಎಂಪಿಯನ್ನು ಮುಚ್ಚಿದ್ದರೆ ಆ ಮಾತು ನಿಮಗೆ ತಲುಪುವುದೇ ಇಲ್ಲ.

ಪಿಂಗ್‌ಗೆ ಹೈಫನ್ ಎಂ ಡು (ಎಂ ದೊಡ್ಡ ಅಕ್ಷರ) ಮತ್ತು ಹೈಫನ್ ಎಸ್ 1472 ಕೊಡಿ. ಹೆಡರ್‌ನ 28 ಸೇರಿ 1500 ಆಗುತ್ತದೆ, ನಡುವೆ ತುಂಡಾಗುವಂತಿಲ್ಲ. ಉತ್ತರ ಬರುವವರೆಗೆ ಇಳಿಸುತ್ತ ಹೋಗಿ. ದಾಟಿದ ಸಂಖ್ಯೆಗೆ 28 ಕೂಡಿಸಿ, ಅದನ್ನೇ ವಿಪಿಎನ್ ಇಂಟರ್‌ಫೇಸಿನ ಎಂಟಿಯು ಮಾಡಿ. ಅವಸರವಿದ್ದರೆ 1300 ಹಾಕಿ ನೋಡಿ. ಎಸ್‌ಸಿಪಿ ಓಡಿದರೆ ಕಳ್ಳ ಸಿಕ್ಕಿದಂತೆ.

ಪ್ರಶ್ನೆ: ಯಕ್ಷಗಾನದ ರೆಕಾರ್ಡಿಂಗ್ 6 ಜಿಬಿ ಇದೆ. 32 ಜಿಬಿ ಪೆನ್‌ಡ್ರೈವ್ ಖಾಲಿ ಇದ್ದರೂ, ಫೈಲ್ ತುಂಬಾ ದೊಡ್ಡದು ಎಂದು ಕಾಪಿ ಅರ್ಧಕ್ಕೇ ನಿಲ್ಲುತ್ತದೆ.
– ಓದುಗರೊಬ್ಬರು, ಕುಂದಾಪುರ

ಉತ್ತರ: ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿ ಇರಬೇಕು. ಅದರಲ್ಲಿ ಒಂದೇ ಫೈಲು 4 ಜಿಬಿ ಮುಟ್ಟುವಂತಿಲ್ಲ. ಒಳಗಿದ್ದುದನ್ನು ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಲಿನಕ್ಸ್ ಕರ್ನಲ್ 5.4ರಿಂದ ಅದರ ಡ್ರೈವರ್ ಒಳಗೇ ಇದೆ. ಹಳೆಯ ಟಿವಿಗೆ ಚುಚ್ಚುವುದಾದರೆ ಎಕ್ಸ್‌ಫ್ಯಾಟ್ ಓದದೆ ಹೋಗಬಹುದು. ಆಗ ಪ್ರಸಂಗವನ್ನು ವಿಡಿಯೋ ಎಡಿಟರ್‌ನಲ್ಲಿ ಎರಡು ಭಾಗ ಮಾಡಿ, ಭಾಗವತರ ಪದ ಮುಗಿದ ಜಾಗ ನೋಡಿ ಕತ್ತರಿಸಿ.