ರಾತ್ರಿ ಸಣ್ಣಗೆ ಇಟ್ಟರೆ ಒಂದೇ ಸ್ಪೀಕರ್ ಕೇಳುವುದಕ್ಕೆ
ಸರ್, ಸಿಡಿ ಸಣ್ಣಗೆ ಹಾಕಿದರೆ ಎಡ ಸ್ಪೀಕರ್ ಸುಮ್ಮನಾಗುತ್ತದೆ, ಚೂರು ತಿರುಗಿಸಿದರೆ ಮಗು ಎದ್ದುಬಿಡುತ್ತದೆ ಅಂದಿರಿ. ದಾವಣಗೆರೆಯ ನಮ್ಮ ಮನೆಯಲ್ಲೂ ಇದೇ ಕಾಟ ಇತ್ತು.

ಸ್ಪೀಕರ್ ಕೆಟ್ಟಿರಲಿಕ್ಕಿಲ್ಲ, ಸುಮ್ನೆ ಬಿಚ್ಚಿಸಬೇಡಿ. ವಾಲ್ಯೂಮ್ ಗುಂಡಿಯೊಳಗೆ ಎಡಕ್ಕೊಂದು, ಬಲಕ್ಕೊಂದು ಕಾರ್ಬನ್ ಪಟ್ಟಿ ಇರುತ್ತದೆ. ತೀರಾ ಶುರುವಿನಲ್ಲಿ ಅವೆರಡೂ ಸರಿಯಾಗಿ ಹೊಂದುವುದಿಲ್ಲ. ಎಷ್ಟೋ ಹಳೇ ಆಂಪ್ಲಿಫೈಯರ್‌ಗಳಿಗೆ 0.2 ವೋಲ್ಟ್ ಸಿಗ್ನಲ್ ಸಾಕು, ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಜಾಸ್ತಿ ಆಯ್ತು ಅಲ್ವಾ? ಅದಕ್ಕೇ ಸಣ್ಣ ದನಿಗೆ ಗುಂಡಿಯನ್ನು ಆ ಶುರುವಿನಲ್ಲೇ ಇಡಬೇಕಾಗುತ್ತದೆ.

ಪ್ಲೇಯರ್‌ನಿಂದ ಬರುವ ಆರ್‌ಸಿಎ ಕೇಬಲ್‌ಗೆ 10 ಡೆಸಿಬಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಪುಟ್ಟ ಸಾಧನ) ಜೋಡಿ ಹಾಕಿ. ನಾನು ಹಾಕಿದ ಮೇಲೆ ಗುಂಡಿ ಗಡಿಯಾರದ ಹತ್ತು ಗಂಟೆಯ ಜಾಗಕ್ಕೆ ಬಂತು, ಎರಡೂ ಕಡೆ ದನಿ ಸಮ. ತಿರುಗಿಸುವಾಗ ಕರಕರ ಅಂದರೆ ಅದು ಧೂಳು. ಕರೆಂಟ್ ಪ್ಲಗ್ ಕಿತ್ತು ಗುಂಡಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ.