‘ಬೆಟ್ಟೆ’ ಎಂದು ಹುಡುಕಿದರೆ ಸಿಗಬೇಕು: ಕನ್ನಡದ ಹೆಲ್ಪ್ ಫೈಲಿಗೆ ಏನೇನು ಬೇಕು?

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಅಡಿಕೆ ಆವಕ, ತೂಕ, ಬಿಲ್ಲು ಎಲ್ಲ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಅದಕ್ಕೆ ಕನ್ನಡದಲ್ಲಿ ಹೆಲ್ಪ್ ಬರೆದುಕೊಡು ಎಂದು ನನಗೆ ಹೇಳಿದ್ದಾರೆ. ಸುಮಾರು ನಲವತ್ತು ವಿಷಯಗಳಿವೆ. ಇಂಗ್ಲಿಷ್ ಹೆಲ್ಪ್ ಸಿಎಚ್‌ಎಂ ಫೈಲಿನಲ್ಲಿದೆ, ಕನ್ನಡದ್ದೂ ಹಾಗೇ ಇರಲಿ ಎಂದು ಕೆಲವರು, ಪಿಡಿಎಫ್ ಸಾಕು ಎಂದು ಕೆಲವರು. ಶಾಖೆಗಳಲ್ಲಿ ವಿಂಡೋಸ್ 7ರಿಂದ 11ರವರೆಗೆ ಎಲ್ಲ ಥರದ ಕಂಪ್ಯೂಟರ್‌ಗಳಿವೆ. ಮಳೆ ಹಿಡಿದರೆ ನೆಟ್ ಇರುವುದಿಲ್ಲ. ಯಾವುದರಲ್ಲಿ ಮಾಡಲಿ ಸರ್? ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು?

ಉತ್ತರ: ಸಿಎಚ್‌ಎಂ ಬೇಡ. ಕಾರಣ ಹೇಳುತ್ತೇನೆ, ಸಂಘದ ಸಭೆಯಲ್ಲಿ ಯಾರಾದರೂ ಕೇಳಿದರೆ ನಿಮಗೆ ಬೇಕಾಗುತ್ತದೆ.

ಸಿಎಚ್‌ಎಂ ಎಂದರೆ ಮೈಕ್ರೋಸಾಫ್ಟ್ 1997ರಲ್ಲಿ ತಂದ ಎಚ್‌ಟಿಎಂಎಲ್ ಹೆಲ್ಪ್. ಹಲವು ವೆಬ್ ಪುಟಗಳನ್ನು ಒತ್ತಿ ಒಂದೇ ಫೈಲಾಗಿ ಕಟ್ಟುತ್ತದೆ. ಎಡಕ್ಕೆ ಪರಿವಿಡಿ, ಬಲಕ್ಕೆ ಪುಟ, ಮೇಲೆ ಹುಡುಕುವ ಅನುಕೂಲ. ಇಂಗ್ಲಿಷಿಗೆ ಒಳ್ಳೆಯ ವ್ಯವಸ್ಥೆಯೇ. ಆದರೆ ಅದನ್ನು ಕಟ್ಟುವ ಎಚ್‌ಟಿಎಂಎಲ್ ಹೆಲ್ಪ್ ವರ್ಕ್‌ಶಾಪ್‌ಗೆ ಯುನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ವ್ಯವಸ್ಥೆ, ಗೊತ್ತಿಲ್ಲ. ಪರಿವಿಡಿ, ಪದಸೂಚಿ, ಹುಡುಕಾಟ ಮೂರೂ ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳನ್ನು, ಅಂದರೆ ಕೆಲವು ಭಾಷೆಗಳಿಗೆ ಮಾಡಿದ್ದ ಅಕ್ಷರಪಟ್ಟಿಗಳನ್ನು, ನಂಬಿಕೊಂಡಿವೆ. ರಷ್ಯನ್, ಜಪಾನಿ ಭಾಷೆಗಳಿಗೆ ಅಂಥ ಕೋಡ್ ಪೇಜ್ ಇತ್ತು. ಕನ್ನಡಕ್ಕೆ ಬರಲೇ ಇಲ್ಲ, ವಿಂಡೋಸ್‌ನಲ್ಲಿ ಕನ್ನಡ ಕಾಲಿಟ್ಟಿದ್ದೇ ಯುನಿಕೋಡ್ ಮೂಲಕ. ಹಾಗಾಗಿ ಪುಟದೊಳಗಿನ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಎಡಗಡೆಯ ಪರಿವಿಡಿಯಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ನಾನೂ ಒಮ್ಮೆ ಎರಡು ವಾರ ಕೂತು ಒಂದು ಕಚೇರಿಗೆ ಕನ್ನಡ ಸಿಎಚ್‌ಎಂ ಮಾಡಿದ್ದೆ. ಕೊನೆಯ ದಿನ ತೆರೆದಾಗ ಕಂಡದ್ದು ಅದೇ. ಆ ಎರಡು ವಾರ ನಿಮ್ಮದು ಹಾಳಾಗಬಾರದು.

ಇನ್ನು ಪಿಡಿಎಫ್. ಮುದ್ರಿಸಿ ಗಲ್ಲಾ ಮೇಜಿನ ಮೇಲೆ ಇಡಲು ಅದಕ್ಕಿಂತ ಒಳ್ಳೆಯದಿಲ್ಲ. ಫಾಂಟ್ ಫೈಲಿನೊಳಗೇ ಕೂರುತ್ತದೆ, ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ. ತೊಂದರೆ ಇರುವುದು ಹುಡುಕುವಾಗ. ನಿಮ್ಮ ಹೆಲ್ಪ್‌ನಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳೆಲ್ಲ ಬಂದೇ ಬರುತ್ತವೆ. ಪಿಡಿಎಫ್ ಮಾಡಿ ಅದರಲ್ಲಿ ‘ಚಾಲಿ’ ಹುಡುಕಿ, ಬಹುಶಃ ಸಿಗುತ್ತದೆ. ‘ಬೆಟ್ಟೆ’ ಹುಡುಕಿ, ಎಷ್ಟೋ ಸಲ ಸಿಗುವುದಿಲ್ಲ. ಪದವೇನೋ ಕಣ್ಣೆದುರೇ ಇರುತ್ತದೆ! ನಾವು ಟೈಪ್ ಮಾಡುವಾಗ ಮೊದಲು ಟ, ಅದಕ್ಕೊಂದು ಒತ್ತು, ಕೊನೆಗೆ ಎತ್ವ ಎಂಬ ಕ್ರಮ. ಪಿಡಿಎಫ್ ಇಟ್ಟುಕೊಳ್ಳುವುದು ಕಾಗದದ ಮೇಲೆ ಅಚ್ಚಾಗುವ ಕ್ರಮವನ್ನು: ಮೊದಲು ‘ಟೆ’, ಆಮೇಲೆ ಅದರ ಬುಡದ ಒತ್ತು. ಹುಡುಕುವಾಗ ಎರಡೂ ತಾಳೆಯಾಗುವುದಿಲ್ಲ. ಈ ಕ್ರಮವನ್ನು ಸರಿಪಡಿಸಿ ಉಳಿಸುವ ತಂತ್ರಾಂಶಗಳೂ ಇವೆ, ಆದರೆ ಎಲ್ಲವೂ ಹಾಗೆ ಮಾಡುವುದಿಲ್ಲ. ಒತ್ತಕ್ಷರ ಬಿಟ್ಟು ಕನ್ನಡ ಬರೆಯಲು ಸಾಧ್ಯವೇ? ತೂಕದ ಚೀಟಿ ತಪ್ಪಾಗಿದೆ, ಎದುರಿಗೆ ಸದಸ್ಯರು ಕಾಯುತ್ತ ನಿಂತಿದ್ದಾರೆ, ಆಗ ಗುಮಾಸ್ತರು ಒಂದು ಪದ ಹೊಡೆದರೆ ಪುಟ ಬರಬೇಕು. ಬರದಿದ್ದರೆ ಅವರು ಇನ್ನೊಮ್ಮೆ ಹೆಲ್ಪ್ ತೆರೆಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸಾದಾ ಎಚ್‌ಟಿಎಂಎಲ್ ಪುಟಗಳು, ಅಂದರೆ ವೆಬ್ ಪುಟಗಳು. ಒಂದು ಫೋಲ್ಡರ್, ಅದರಲ್ಲಿ ನಲವತ್ತು ಪುಟ, ಒಂದು ಪರಿವಿಡಿ ಪುಟ. ಪೆನ್ ಡ್ರೈವ್‌ನಲ್ಲಿ ಹಾಕಿ ಶಾಖೆಗೆ ಕೊಟ್ಟರೆ ಮುಗಿಯಿತು, ನೆಟ್ ಬೇಕಾಗಿಲ್ಲ. ನೋಡುವವರಿಗೆ ಬೇಕಾದದ್ದು ಬ್ರೌಸರ್ ಮಾತ್ರ. ವಿಂಡೋಸ್ 7ರಲ್ಲಿ ಕ್ರೋಮ್ 109ಕ್ಕೇ ನಿಂತಿದೆ, ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿ ನಡೆಯುತ್ತದೆ. ನಿಮ್ಮ ಪುಟಗಳಿಗೆ ಇವೆರಡೂ ಧಾರಾಳ ಸಾಕು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯಬೇಡಿ ಎಂದು ಶಾಖೆಯವರಿಗೆ ಹೇಳಿಡಿ.

ಬರೆಯುವವರಿಗೂ ದೊಡ್ಡ ಖರ್ಚಿಲ್ಲ. ಮ್ಯಾಡ್‌ಕ್ಯಾಪ್ ಫ್ಲೇರ್, ಅಡೋಬಿ ರೋಬೊಹೆಲ್ಪ್‌ನಂಥವು ದೊಡ್ಡ ಕಂಪನಿಗಳ ಸಾವಿರಾರು ಪುಟಗಳಿಗೆ ಸರಿ, ನಲವತ್ತು ಪುಟಕ್ಕೆ ಅಷ್ಟು ಹಣ ಹಾಕಬೇಡಿ. ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶವಿದೆ. ಒಂದೊಂದು ವಿಷಯಕ್ಕೆ ಒಂದೊಂದು ಸಾದಾ ಪಠ್ಯದ ಫೈಲು ಬರೆದಿಟ್ಟರೆ ಅದರಿಂದಲೇ ಎಚ್‌ಟಿಎಂಎಲ್, ಇಪಬ್ (ಇ-ಪುಸ್ತಕ), ವರ್ಡ್ ಮೂರನ್ನೂ ತೆಗೆದುಕೊಡುತ್ತದೆ. ಮುದ್ರಿಸಲು ಪಿಡಿಎಫ್ ಬೇಕಾದರೆ ಬ್ರೌಸರ್‌ನ ಪ್ರಿಂಟ್‌ನಲ್ಲೇ ಬರುತ್ತದೆ. ತಿದ್ದುಪಡಿ ಬಂದಾಗ ಒಂದೇ ಕಡೆ ತಿದ್ದಿದರೆ ಸಾಕು, ಅದೇ ದೊಡ್ಡ ಲಾಭ.

ಇಲ್ಲಿ ಕನ್ನಡದವರು ಎಡವುವ ಜಾಗಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಸಂಘದ ಹಳೆಯ ಸುತ್ತೋಲೆ, ನಿಯಮಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಇದ್ದಾವು. ಅವು ನೋಡಲು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗೇ ತಂದು ಅಂಟಿಸಿದರೆ ಬ್ರೌಸರ್‌ನಲ್ಲಿ ಅರ್ಥವಿಲ್ಲದ ಗೀಚು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಿ. ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ. ವಿಂಡೋಸ್ 7ರ ನೋಟ್‌ಪ್ಯಾಡ್‌ನಲ್ಲಿ ಬರೆಯುವುದಾದರೆ ಸೇವ್ ಮಾಡುವಾಗ ಯುನಿಕೋಡ್ ಉಳಿಸುವ ಯುಟಿಎಫ್-8 ಆರಿಸಲೇಬೇಕು. ಅದು ತಾನಾಗಿ ಆರಿಸುವುದು ಆನ್ಸಿ, ಅಂದರೆ ಆ ಹಳೆಯ ಕೋಡ್ ಪೇಜ್, ಅದರಲ್ಲಿ ಉಳಿಸಿದ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ವಿಂಡೋಸ್ 10ರ 2019ರ ಆವೃತ್ತಿಯಿಂದ ಈಚೆಗೆ ಈ ಭಯವಿಲ್ಲ.

ಫಾಂಟ್ ಕೂಡ ಒಂದೊಂದು ವಿಂಡೋಸ್‌ನಲ್ಲಿ ಒಂದೊಂದು. 7ರಲ್ಲಿ ತುಂಗಾ ಇರುತ್ತದೆ, 8ರಿಂದ ಈಚೆಗೆ ನಿರ್ಮಲಾ ಯುಐ. ಪುಟದಲ್ಲಿ ಎರಡರ ಹೆಸರನ್ನೂ ಬರೆಯಿರಿ. ಇಲ್ಲವಾದರೆ ಉಚಿತವಾಗಿ ಸಿಗುವ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಅದೇ ಫೋಲ್ಡರ್‌ನಲ್ಲಿ ಇಟ್ಟುಬಿಡಿ. ನಾನು ಎರಡನೆಯದನ್ನೇ ಮಾಡುತ್ತೇನೆ, ಎಲ್ಲ ಕಡೆ ಒಂದೇ ಥರ ಕಾಣುತ್ತದೆ.

ಹುಡುಕಾಟಕ್ಕೆ ಚಿಕ್ಕ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲೇ ಓಡುವ ಪ್ರೋಗ್ರಾಂ) ಬೇಕಾಗುತ್ತದೆ. ಸಿದ್ಧವಾಗಿ ಸಿಗುವ ಹಲವು ಸ್ಕ್ರಿಪ್ಟ್‌ಗಳು ಇಂಗ್ಲಿಷಿನ ಎ-ಯಿಂದ ಝೆಡ್, ಅಂಕಿ ಇವಿಷ್ಟನ್ನೇ ‘ಅಕ್ಷರ’ ಎಂದು ಲೆಕ್ಕ ಹಿಡಿಯುತ್ತವೆ. ಲೂನರ್ ಎಂಬುದು ಬಹಳ ಬಳಕೆಯಲ್ಲಿದೆ. ಅದನ್ನು ಇದ್ದ ಹಾಗೇ ಹಾಕಿದರೆ ಕನ್ನಡ ಪದವನ್ನು ಎರಡೂ ತುದಿಯಿಂದ ಕತ್ತರಿಸುತ್ತ ಹೋಗಿ ಏನೂ ಉಳಿಸುವುದಿಲ್ಲ. ಆ ಕತ್ತರಿಸುವ ಭಾಗವನ್ನು ತೆಗೆಯಬೇಕು. ಮತ್ತೆ, ‘ಕೆಂಪುಗೋಟು’ವಿನ ‘ಗೋ’ ನೋಡಿ. ಅದರ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪಠ್ಯವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಚಿಹ್ನೆಯಾಗಿ ಸೇರಿಸುವ ರೂಪಕ್ಕೆ ತಂದು ಹೋಲಿಸಬೇಕು, ಜಾವಾಸ್ಕ್ರಿಪ್ಟ್‌ನಲ್ಲಿ ಅದು ಒಂದೇ ಸಾಲಿನ ಕೆಲಸ. ಜೊತೆಗೆ ಪದದ ಆರಂಭ ಹೊಂದಿದರೂ ಪುಟ ತೋರಿಸುವಂತೆ ಮಾಡಿ. ‘ರಸೀದಿ’ ಎಂದು ಹೊಡೆದವರಿಗೆ ‘ರಸೀದಿಯನ್ನು’, ‘ರಸೀದಿಗೆ’ ಇರುವ ಪುಟವೂ ಬೇಕಲ್ಲ.

ಆ ಸ್ಕ್ರಿಪ್ಟ್ ಹುಡುಕುವ ಪದಗಳ ಪಟ್ಟಿಯನ್ನು ಜೇಸನ್ ಎಂಬ ಮಾಹಿತಿ ಫೈಲಾಗಿ ಇಡಬೇಡಿ. ಪೆನ್ ಡ್ರೈವ್‌ನಿಂದ ನೇರ ತೆರೆದ ಪುಟ ಪಕ್ಕದ ಫೈಲನ್ನು ಓದಲು ಕ್ರೋಮ್ ಬಿಡುವುದಿಲ್ಲ, ಹುಡುಕಾಟ ಸುಮ್ಮನೆ ಸತ್ತುಹೋಗುತ್ತದೆ. ಅದೇ ಪಟ್ಟಿಯನ್ನು ಜಾವಾಸ್ಕ್ರಿಪ್ಟ್ ಫೈಲಿನೊಳಗೆ ಹಾಕಿದರೆ ಓದುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಸರ್ವರ್ ಹಾಕಿಕೊಂಡು ಪರೀಕ್ಷಿಸಿದರೆ ಈ ದೋಷ ಕಾಣುವುದೇ ಇಲ್ಲ, ಶಾಖೆಗೆ ಹೋದ ಮೇಲೆ ಕಾಣುತ್ತದೆ. ಹಾಗಾಗಿ ಅತಿ ಹಳೆಯ ಕಂಪ್ಯೂಟರ್ ಇರುವ ಶಾಖೆಗೆ ಮೊದಲು ಹೋಗಿ, ನೆಟ್ ತೆಗೆದು, ‘ಬೆಟ್ಟೆ’, ‘ಕೆಂಪುಗೋಟು’ ಎರಡನ್ನೂ ಹುಡುಕಿ ನೋಡಿ. ಎರಡೂ ಸಿಕ್ಕರೆ ಉಳಿದ ಶಾಖೆಗಳಿಗೆ ಹಂಚಬಹುದು.

ಎಫ್1 ಒತ್ತಿದಾಗ ಈ ಪುಟವೇ ತೆರೆಯಬೇಕೆಂದರೆ ಸಾಫ್ಟ್‌ವೇರ್ ಮಾಡಿಕೊಟ್ಟವರನ್ನೇ ಕೇಳಬೇಕು. ಅವರಿಗೆ ಅದು ಚಿಕ್ಕ ಬದಲಾವಣೆ.

ಪ್ರಶ್ನೆ: ಕಾರವಾರದಲ್ಲಿ ನಮ್ಮದೊಂದು ವರ್ಕ್‌ಶಾಪ್ ಇದೆ. ಹಳೆಯ ಯಂತ್ರವೊಂದರ ಸಾಫ್ಟ್‌ವೇರ್‌ಗೆ ಎಚ್‌ಎಲ್‌ಪಿ ಫೈಲಿನಲ್ಲಿ ಹೆಲ್ಪ್ ಇತ್ತು, ವಿಂಡೋಸ್ 10 ಹಾಕಿದ ಮೇಲೆ ತೆರೆಯುವುದಿಲ್ಲ. ಇನ್ನೊಂದು ಯಂತ್ರದ ಸಿಎಚ್‌ಎಂ ತೆರೆಯುತ್ತದೆ, ಆದರೆ ಎಡಗಡೆ ಪರಿವಿಡಿ ಮಾತ್ರ, ಬಲಗಡೆ ಖಾಲಿ. ಫೈಲು ಹಾಳಾಗಿದೆಯೇ?

ಉತ್ತರ: ಎರಡೂ ಹಾಳಾಗಿಲ್ಲ, ಅಳಿಸಬೇಡಿ.

ಖಾಲಿ ಕಾಣುವುದಕ್ಕೆ ಕಾರಣ ಸುರಕ್ಷತೆ. ಸಿಎಚ್‌ಎಂ ಮೂಲಕ ಕಂಪ್ಯೂಟರ್‌ಗೆ ನುಗ್ಗುವ ದಾರಿಯನ್ನು ಮೈಕ್ರೋಸಾಫ್ಟ್ 2005ರಲ್ಲಿ ಮುಚ್ಚಿತು. ಅಂದಿನಿಂದ ಬೇರೆ ಕಂಪ್ಯೂಟರ್‌ನ ಶೇರ್ ಫೋಲ್ಡರ್‌ನಲ್ಲಿರುವ ಸಿಎಚ್‌ಎಂ ಪುಟ ತೋರಿಸುವುದಿಲ್ಲ. ಫೈಲನ್ನು ನಿಮ್ಮ ಡಿಸ್ಕ್‌ಗೇ ನಕಲು ಮಾಡಿ. ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕೆಳಗೆ ‘ಅನ್‌ಬ್ಲಾಕ್’ ಕಂಡರೆ ಗುರುತು ಹಾಕಿ. ಮೇಲ್ ಅಥವಾ ನೆಟ್‌ನಿಂದ ಬಂದ ಫೈಲಿಗೆ ಅದು ಇರುತ್ತದೆ. ಕಳಿಸಿದವರು ಗೊತ್ತಿದ್ದರೆ ಮಾತ್ರ ಹೀಗೆ ಮಾಡಿ. ಆಮೇಲೂ ಖಾಲಿಯಾದರೆ ಫೋಲ್ಡರ್ ಹೆಸರಿನಲ್ಲಿ ಹ್ಯಾಶ್ ಚಿಹ್ನೆ (#) ಇದೆಯೇ ನೋಡಿ. ಅಷ್ಟಕ್ಕೇ ಹಟ ಹಿಡಿದ ಸಿಎಚ್‌ಎಂ ನಾನು ಕಂಡಿದ್ದೇನೆ.

ಎಚ್‌ಎಲ್‌ಪಿ ಕತೆ ಬೇರೆ. ಅದು 1990ರ ವಿಂಡೋಸ್ 3.0 ಕಾಲದ್ದು. ವಿಸ್ತಾದಿಂದ ಅದನ್ನು ತೆರೆಯುವ ಪ್ರೋಗ್ರಾಂ ವಿಂಡೋಸ್ ಜೊತೆ ಬರುವುದು ನಿಂತಿತು. 8.1ರವರೆಗೆ ಬೇರೆಯಾಗಿ ಹಾಕಿಕೊಳ್ಳಬಹುದಿತ್ತು, 10ಕ್ಕೆ ಅದೂ ಇಲ್ಲ. ಯಾರದೋ ವೆಬ್‌ಸೈಟ್‌ನಿಂದ ಅದನ್ನು ಇಳಿಸಿ ಹಾಕುವ ಸಾಹಸ ಬೇಡ. ಹಳೆಯ ಎಕ್ಸ್‌ಪಿ ಕಂಪ್ಯೂಟರ್ ಮೂಲೆಯಲ್ಲಿ ಇದ್ದರೆ ನೆಟ್ ಜೋಡಿಸದೆ ಅದರಲ್ಲಿ ತೆರೆದು, ಬೇಕಾದ ಪುಟಗಳನ್ನು ಮುದ್ರಿಸಿಟ್ಟುಕೊಳ್ಳಿ. ಕರಾವಳಿಯ ಉಪ್ಪುಗಾಳಿಗೆ ಆ ಕಂಪ್ಯೂಟರ್ ಬಹಳ ದಿನ ಬಾಳುವುದಿಲ್ಲ, ಇದೇ ವಾರ ಮಾಡಿ. ಸಿಎಚ್‌ಎಂ ಅನ್ನೂ 7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಬಿಚ್ಚಿ ಒಳಗಿನ ಪುಟಗಳನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟುಬಿಡಿ. ಮುಂದೆ ಯಾವ ಬ್ರೌಸರ್‌ನಲ್ಲಾದರೂ ಓದಬಹುದು.

ಪ್ರಶ್ನೆ: ತದಡಿಯಲ್ಲಿ ನಮ್ಮ ಅಣ್ಣನ ಬೋಟ್ ಇದೆ. ಜಿಪಿಎಸ್, ಫಿಶ್ ಫೈಂಡರ್ ಬಳಸುವುದು ಹೇಗೆ ಎಂದು ಕನ್ನಡದಲ್ಲಿ ಚಿತ್ರ ಸಮೇತ ಬರೆದು ಹುಡುಗರ ಮೊಬೈಲಿಗೆ ಕಳಿಸಬೇಕು. ಸಮುದ್ರದಲ್ಲಿ ನೆಟ್ ಇಲ್ಲ. ಇಪಬ್ ಒಳ್ಳೆಯದು ಅಂತಾರೆ, ಹೌದಾ?

ಉತ್ತರ: ಓದಲು ಇಪಬ್ ಹಿತ, ಪರದೆಯ ಅಗಲಕ್ಕೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಆದರೆ ಅದನ್ನು ತೆರೆಯುವ ಆ್ಯಪ್ ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ ಸಿದ್ಧವಾಗಿ ಇರುವುದಿಲ್ಲ. ದಡ ಬಿಟ್ಟ ಮೇಲೆ ಹಾಕಿಕೊಳ್ಳಲು ಆಗದು. ಇಲ್ಲಿ ನಾನು ಪಿಡಿಎಫ್ ಪರ. ಬರಿಯ ಹತ್ತು ಹದಿನೈದು ಪುಟ, ಹುಡುಕುವ ಗೊಡವೆಯಿಲ್ಲ, ಬೆರಳಲ್ಲಿ ಸರಿಸುತ್ತ ಹೋದರಾಯಿತು.

ಒಂದೇ ಷರತ್ತು: ಎ4 ಅಳತೆ ಬೇಡ. ಫೋನಿನಲ್ಲಿ ಅದರ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ, ಅಲೆಗೆ ಬೋಟ್ ಹೊಯ್ದಾಡುವಾಗ ದೊಡ್ಡದು ಮಾಡಿ ಸರಿಸಿ ಓದುವುದು ಯಾರಿಂದಾದೀತು? ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಪುಟದ ಅಳತೆಯನ್ನು 10 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದ ಎಂದು ಕೊಡಿ, ಅಂಚು ಅರ್ಧ ಸೆಂಟಿಮೀಟರ್, ಅಕ್ಷರ 16 ಪಾಯಿಂಟ್. ಒಂದು ಪುಟಕ್ಕೆ ಒಂದೇ ಕೆಲಸ, ಮೇಲೆ ಆ ಗುಂಡಿಯ ಫೋಟೋ, ಕೆಳಗೆ ಎರಡು ಮೂರು ಸಾಲು. ಯಂತ್ರದ ಮೇಲೆ ಇಂಗ್ಲಿಷಿನಲ್ಲಿರುವ ಹೆಸರನ್ನು ಅನುವಾದ ಮಾಡದೆ ‘ಗೇನ್’, ‘ರೇಂಜ್’ ಎಂದು ಕನ್ನಡ ಲಿಪಿಯಲ್ಲೇ ಬರೆಯಿರಿ, ಹುಡುಗರು ಹೇಳುವುದೂ ಹಾಗೆಯೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಬಂದ ಮೇಲೆ ದಡದಲ್ಲೇ ಒಮ್ಮೆ ತೆರೆಸಿ, ಏರೋಪ್ಲೇನ್ ಮೋಡ್ ಹಾಕಿ ಮತ್ತೊಮ್ಮೆ ತೆರೆಸಿ ನೋಡಿ.

ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಹೇಗೂ ದಡದಲ್ಲೇ ಇರುತ್ತದೆ. ತಾಂಡೇಲರನ್ನು (ಬೋಟ್ ನಡೆಸುವವರನ್ನು) ಪಕ್ಕದಲ್ಲಿ ಕೂರಿಸಿಕೊಂಡು, ಯಂತ್ರ ಹಚ್ಚಿ, ಅವರು ಒತ್ತಿದ ಕ್ರಮದಲ್ಲೇ ಬರೆಯುತ್ತ ಹೋಗಿ.