ಓದುಗರ ಪ್ರಶ್ನೆ: ಕ್ರಿಸ್‌ಮಸ್ ಆರಾಧನೆಗೆ ಗಿಟಾರ್

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಆರ್ಗನ್ ಇಲ್ಲ, ಇರುವುದು ಒಂದೇ ಅಕೂಸ್ಟಿಕ್ ಗಿಟಾರ್. ‘ಸೈಲೆಂಟ್ ನೈಟ್’ ರಾಗದ ಕನ್ನಡ ಗೀತೆಯನ್ನು ಸಿ ಕೀಯಲ್ಲಿ (ಶ್ರುತಿಯಲ್ಲಿ) ನುಡಿಸಿದರೆ ಕೊನೆಗೆ ಬರುವ ಹೊತ್ತಿಗೆ ಅರ್ಧ ಜನ ಬಾಯಿ ಮುಚ್ಚಿರುತ್ತಾರೆ. ಏನು ಮಾಡೋಣ?
– ಓದುಗರು, ಲಿಂಗರಾಜಪುರ

ಕೀ ಇಳಿಸಿ. ಈ ರಾಗದ ಹರವು ಒಂದು ಸ್ಥಾಯಿಯನ್ನೂ ಮೀರುತ್ತದೆ. ಸಿಯಲ್ಲಿ ಹಿಡಿದರೆ ಒಂಬತ್ತನೇ ಬಾರಿನಲ್ಲಿ (ಬಾರು ಅಂದರೆ ತಾಳದ ಒಂದು ಸುತ್ತು) ಮೇಲಿನ ಎಫ್ ಮುಟ್ಟಬೇಕು. ಕ್ವಾಯರ್‌ನವರಿಗೆ ಅದು ಸಲೀಸು, ಹಿಂದಿನ ಬೆಂಚಿನವರಿಗೆ ಅಲ್ಲ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಇದನ್ನು ಮೊದಲು ಹಾಡಿದ್ದು ಗಿಟಾರಿನ ಜೊತೆಗೇ, ಆದರೆ ಇಬ್ಬರು ಗಾಯಕರು. ಇಡೀ ಸಭೆಗೆ ಹಾಡಿಸಲು ಎ ಕೀ ಸರಿ: ಮೇಲೆ ಡಿ, ಕೆಳಗೆ ಎ. ಕೇಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಎರಡನೇ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಹಾಕಿ, ಜಿ ಆಕಾರದ ಕಾರ್ಡ್ (ಸ್ವರಗುಚ್ಛ) ಹಿಡಿಯಿರಿ. ಕೆಳಗಿನ ಸ್ವರ ಯಾರಿಗೂ ಸಿಗದಿದ್ದರೆ ಮೂರನೇ ಫ್ರೆಟ್.

6/8 ತಾಳದಲ್ಲಿ ಹನ್ನೆರಡು ಬಾರು. ಆಕಾರಗಳ ಹೆಸರಲ್ಲೇ ಹೇಳುವುದಾದರೆ: ಜಿ, ಜಿ, ಡಿ7, ಜಿ, ಸಿ, ಜಿ, ಸಿ, ಜಿ, ಡಿ7, ಜಿ, ಹನ್ನೊಂದನೆಯದರಲ್ಲಿ ಅರ್ಧ ಜಿ, ಅರ್ಧ ಡಿ7, ಕೊನೆಗೆ ಜಿ. ಸ್ಟ್ರಮ್ಮಿಂಗ್ (ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವುದು) ಬೇಡವೇ ಬೇಡ. ಹೆಬ್ಬೆರಳು ಆರನೇ ತಂತಿಗೆ, ಆಮೇಲೆ 3, 2, 1, 2, 3. ಬಾರಿಗೆ ಆರು ಮೀಟು, ಅಷ್ಟೇ. ಸಿ ಬಂದಾಗ ಹೆಬ್ಬೆರಳು ಐದನೇ ತಂತಿಗೆ, ಡಿ7ಕ್ಕೆ ನಾಲ್ಕನೆಯದಕ್ಕೆ. ಒಂಬತ್ತನೇ ಬಾರಿನ ಎತ್ತರದ ಸ್ವರದಲ್ಲಿ ಜನ ಎಳೆಯುತ್ತಾರೆ. ಅಲ್ಲಿ ಅವರ ಜೊತೆ ನೀವೂ ನಿಧಾನಿಸಿದರೆ ಮುಂದಿನ ಚರಣ ಜೋಗುಳವಾಗಿಬಿಡುತ್ತದೆ. ಹೆಬ್ಬೆರಳಿನ ಏಟು ಮಾತ್ರ ಗಟ್ಟಿಯಾಗಿ, ಅದೇ ಲಯದಲ್ಲಿ ಬೀಳಲಿ, ಅವರೇ ಹಿಂದಿರುಗುತ್ತಾರೆ.

ಪ್ರಶ್ನೆ: ‘ಓ ಕಮ್ ಆಲ್ ಯೀ ಫೇತ್‌ಫುಲ್’ ರಾಗಕ್ಕೆ ಕನ್ನಡದಲ್ಲಿ ಹಾಡುವಾಗ ಪ್ರತಿ ಚರಣದ ಆರಂಭದಲ್ಲೂ ಸಭೆ ಎರಡು ಪಾಲಾಗುತ್ತದೆ.
– ಓದುಗರು, ಶಾಂತಿನಗರ

ರಾಗ ಶುರುವಾಗುವುದು ನಾಲ್ಕನೇ ಏಟಿನಲ್ಲಿ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಹಗುರವಾದ ‘ಓ’ ಇದೆ. ನಾವು ಕನ್ನಡದಲ್ಲಿ ಪದದ ಮೊದಲ ಅಕ್ಷರವನ್ನೇ ಊರಿ ಹೇಳುವವರು, ಹಾಗಾಗಿ ಅರ್ಧ ಜನಕ್ಕೆ ಅದೇ ಒಂದನೇ ಏಟು ಅನ್ನಿಸುತ್ತದೆ. ಗಿಟಾರಿಸ್ಟ್ ಅಲ್ಲೇ ಜೋರಾಗಿ ಸ್ಟ್ರಮ್ ಮಾಡಿದರೆ ಗೊಂದಲ ಖಾತ್ರಿ. ಪೀಠಿಕೆಯಾಗಿ ಪಲ್ಲವಿಯ ಕೊನೆಯ ಸಾಲು ನುಡಿಸಿ. ಕೊನೆಯ ಜಿ ಮೇಲೆ ಒಂದು, ಎರಡು ಏಟು. ಮೂರಕ್ಕೆ ಕೈ ಎತ್ತಿ, ತಲೆ ಆಡಿಸಿ, ಎಲ್ಲರಿಗೂ ಕಾಣುವಂತೆ ಉಸಿರು ತೆಗೆದುಕೊಳ್ಳಿ. ನಾಲ್ಕಕ್ಕೆ ಸಭೆ ಹಾಡಲಿ, ಗಿಟಾರ್ ಸುಮ್ಮನಿರಲಿ. ನಂತರದ ಒಂದಕ್ಕೆ ತುಂಬು ಜಿ. ಚರಣಗಳ ನಡುವೆಯೂ ಇಷ್ಟೇ ಬಿಡುವು. ಒಮ್ಮೆ ಎರಡು ಬಾರು, ಇನ್ನೊಮ್ಮೆ ಮೂರು ಎಂದರೆ ಯಾರೂ ನಿಮ್ಮನ್ನು ನಂಬುವುದಿಲ್ಲ.

ಸಂಗೀತದ ಪುಸ್ತಕದಲ್ಲಿ ಪ್ರತಿ ಅಕ್ಷರಕ್ಕೂ ಕಾರ್ಡ್ ಬದಲಾಗುವುದು ಆರ್ಗನ್‌ಗಾಗಿ, ನಾಲ್ಕು ಕಂಠಗಳಿಗಾಗಿ. ಗಿಟಾರಿಗೆ ಬಾರಿಗೆ ಒಂದೋ ಎರಡೋ ಸಾಕು.

ಪ್ರಶ್ನೆ: ನಾವು ಇಬ್ಬರು ನುಡಿಸುತ್ತೇವೆ. ಎರಡೂ ಗಿಟಾರ್ ಸೇರಿದರೂ ಒಂದೇ ಗಿಟಾರಿನಂತೆ ಕೇಳುತ್ತದೆ.
– ಓದುಗರು, ಕಮ್ಮನಹಳ್ಳಿ

ಇಬ್ಬರೂ ಒಂದೇ ಜಾಗದಲ್ಲಿ ಕಾರ್ಡ್ ಹಿಡಿಯುತ್ತಿದ್ದೀರಿ. ಹಾಡು ಜಿಯಲ್ಲಿದ್ದರೆ ಒಬ್ಬರು ಕೇಪೋ ಇಲ್ಲದೆ ನುಡಿಸಿ. ಇನ್ನೊಬ್ಬರು ಐದನೇ ಫ್ರೆಟ್‌ಗೆ ಕೇಪೋ ಹಾಕಿ ಡಿ ಆಕಾರದಿಂದ ಶುರುಮಾಡಲಿ. ಅವರಿಗೆ ಸಿ ಎಂದರೆ ಜಿ ಆಕಾರ, ಡಿ ಎಂದರೆ ಎ ಆಕಾರ, ಇ ಮೈನರ್ ಎಂದರೆ ಬಿ ಮೈನರ್ ಆಕಾರ. ಮೊದಲ ಚರಣದಲ್ಲಿ ಎರಡನೇ ಗಿಟಾರ್ ಮೌನವಾಗಿರಲಿ. ಕೀಬೋರ್ಡ್ ಇದ್ದರೆ ಟ್ರಾನ್ಸ್‌ಪೋಸ್ (ಕೀ ಏರಿಳಿಸುವ ಗುಂಡಿ) ಸೊನ್ನೆಯಲ್ಲಿದೆಯೇ ನೋಡಿ. ಹಿಂದಿನ ಹಾಡಿಗೆ ಒತ್ತಿದ್ದು ಹಾಗೇ ಉಳಿದಿರುತ್ತದೆ!

ಪ್ರಶ್ನೆ: ಕ್ರಿಸ್‌ಮಸ್ ಆರಾಧನೆಯಲ್ಲಿ ಹೊಸ ಹಾಡು ಎಷ್ಟಿರಬೇಕು?
– ಓದುಗರು, ಫ್ರೇಜರ್ ಟೌನ್

ಒಂದು. ಅದೂ ಕಾಣಿಕೆಯ ಹೊತ್ತಿಗೆ, ಕ್ವಾಯರ್ ಮಾತ್ರ. ವರ್ಷಕ್ಕೊಮ್ಮೆ ಬರುವವರೂ ಅಂದು ಕೂತಿರುತ್ತಾರೆ, ಅವರಿಗೆ ಗೊತ್ತಿರುವುದನ್ನು ಹಾಡಿಸಿ. ಕಥೋಲಿಕರಿಗೆ ಒಂದು ನೆನಪು: ಕ್ರಿಸ್‌ಮಸ್‌ಗೆ ಮೊದಲಿನ ಆಗಮನ ಕಾಲದ ನಾಲ್ಕು ಭಾನುವಾರ ಗ್ಲೋರಿಯಾ (ಪೂಜೆಯ ಸ್ತುತಿಗೀತೆ) ಇರುವುದಿಲ್ಲ, ಕ್ರಿಸ್‌ಮಸ್ ರಾತ್ರಿ ಮರಳುತ್ತದೆ. ತಾಲೀಮಿನಲ್ಲಿ ಅದನ್ನು ಮರೆತರೆ ಅಂದು ತಡವರಿಸುತ್ತೀರಿ.

ಪ್ರಶ್ನೆ: ಮನೆಯಲ್ಲಿ ಟ್ಯೂನ್ ಮಾಡಿ ತಂದರೂ ರಾತ್ರಿ ಆರಾಧನೆಯಲ್ಲಿ ಶ್ರುತಿ ಇಳಿಯುತ್ತದೆ. ತಂತಿ ಕೆಟ್ಟಿದೆಯೇ?
– ಓದುಗರು, ಹೊರಮಾವು

ತಂತಿಯದಲ್ಲ, ಚಳಿಯ ಕೆಲಸ. ಡಿಸೆಂಬರ್ ರಾತ್ರಿ ಸ್ಕೂಟರಿನಲ್ಲಿ ಬಂದ ಗಿಟಾರ್ ತಣ್ಣಗಿರುತ್ತದೆ. ತುಂಬಿದ ಚರ್ಚಿನ ಶಾಖಕ್ಕೆ ಸ್ಟೀಲ್ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಅರ್ಧ ಗಂಟೆ ಮೊದಲೇ ಒಳಗೆ ತಂದು ಚೀಲ ಬಿಚ್ಚಿಡಿ. ಹೊಸ ತಂತಿ ಹಾಕುವುದಾದರೆ 20ನೇ ತಾರೀಖಿಗೇ ಹಾಕಿ, ದಿನಾ ನುಡಿಸಿ ಎಳೆದು ಪಳಗಿಸಿ. ಕೇಪೋವನ್ನು ಫ್ರೆಟ್ಟಿನ ಹಿಂದೆಯೇ, ಒತ್ತಿಕೊಂಡಂತೆ ಹಾಕಿ. ದೂರ ಸರಿದರೆ ತಂತಿ ಎಳೆದು ಶ್ರುತಿ ಏರುತ್ತದೆ. ಕೇಪೋ ಹಾಕಿದ ಮೇಲೆ ಇನ್ನೊಮ್ಮೆ ಟ್ಯೂನ್ ಮಾಡಿ, ಪಾದ್ರಿಯವರು ವಾಚನ ಓದುವಾಗ ಅಲ್ಲ.